ಬೆಳ್ಳನ ಬಿಡಿತಟ್ಟಿ

ಬುಟ್ಟಿ ಮುರಿದರೆ ಹೆಣೆಯುವವನಿಗೇ ಲಾಭ. ಇದು ಹಂಪಾಪುರದಾಚೆಯ ಆ ಜೇನುಕುರುಬರ ಹಾಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬೆಳ್ಳನೊಬ್ಬನನ್ನು ಬಿಟ್ಟು. ಹುಣಸೂರಿನ ಹೊಗೆಸೊಪ್ಪಿನ ಮಂಡಿಗೆ ಅವನು ಹೆಣೆದುಕೊಟ್ಟ ಬುಟ್ಟಿಗಳು ಒಂದು ಮಗ್ಗುಲು ಮುರಿದರೂ ಇಡಿಯಾಗಿ ಒಲೆ ಸೇರುತ್ತಿದ್ದವು. ಅದನ್ನು ಕಂಡಾಗೆಲ್ಲ ಅವನಿಗೆ ಸಂಕಟ.

"ಕೋಡು ಮುರೀತು ಅಂತ ದನಾನೇ ಮಣ್ಣು ಮಾಡ್ತಾರಾ?" ಎಂದು ಹೆಂಡತಿ ಚೆನ್ನಿಯ ಮುಂದೆ ಗೊಣಗುತ್ತಿದ್ದ.

ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಏಳುತ್ತಿದ್ದ ಕಾಲ ಅದು. ಒಂದು ಮಳೆಗಾಲವಿಡೀ ಬೆಳ್ಳ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಕೊನೆಗೆ ದಕ್ಕಿದ್ದು ಒಂದೇ ಅಳತೆಯ ಬಿದಿರಿನ ಚೌಕ ತಟ್ಟಿಗಳು. ಅಂಚಿಗೆಲ್ಲ ಕುಣಿಕೆ, ಎರಡು ತಟ್ಟಿಯ ಕುಣಿಕೆಗಳನ್ನು ಸೇರಿಸಿ ಕಡ್ಡಿ ತೂರಿಸಿದರೆ ಮೂಲೆ ಸಿದ್ಧ. ಯಾವ ತಟ್ಟಿಯಾದರೂ ತಳವಾದೀತು, ಗೋಡೆಯಾದೀತು, ಮುಚ್ಚಳವಾದೀತು. ಆರು ಕೂಡಿದರೆ ಪೆಟ್ಟಿಗೆ, ಇನ್ನಷ್ಟು ಕೂಡಿಸಿದರೆ ಉದ್ದನೆಯ ಪೆಟ್ಟಿಗೆ. ಬೇಡವಾದಾಗ ಬಿಚ್ಚಿ ಕೋಳಿಗೂಡು ಮಾಡಿಕೊಳ್ಳಿ, ಬೇಡ ಅನ್ನುವವರು ಯಾರು? ಮುರಿದ ತಟ್ಟಿಯೊಂದನ್ನೇ ಕಿತ್ತು ಬೇರೆಯದನ್ನು ಸಿಕ್ಕಿಸಿದರಾಯಿತು.

ಮಂಡಿಯ ಯಜಮಾನ ನೀಲಕಂಠಸ್ವಾಮಿ ಸುದ್ದಿ ಕೇಳಿ, "ದೀಪಾವಳಿ ಕಳೀಲಿ, ತಂದು ತೋರ್ಸು. ಒಪ್ಪಿಗೆಯಾದ್ರೆ ಬುಟ್ಟಿ ಕೆಲ್ಸಕ್ಕೆಲ್ಲ ನೀನೇ ಮೇಸ್ತ್ರಿ" ಎಂದಿದ್ದರು. ಬೆಳ್ಳನಿಗೆ ಮೇಸ್ತ್ರಿಕೆಗಿಂತ ದೊಡ್ಡ ಆಸೆಯೊಂದಿತ್ತು: ಜೀವಮಾನದಲ್ಲಿ ಒಮ್ಮೆಯಾದರೂ ನಾಲ್ಕು ಜನ 'ಇದು ಬೆಳ್ಳನ ಕೈಕೆಲಸ' ಅನ್ನಬೇಕು.

ಕುಣಿಕೆಯ ಗುಟ್ಟನ್ನು ಅವನು ಹೇಳಿಕೊಟ್ಟಿದ್ದು ಒಬ್ಬನಿಗೇ, ಚೆನ್ನಿಯ ತಮ್ಮ ಕುಳ್ಳನಿಗೆ. ಬಂಡೆಯ ಹೆಜ್ಜೇನಿಗೆ ಇಳಿಯುವಾಗ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಆ ಹಾಡಿಯ ಕಟ್ಟಳೆ. ಅಕ್ಕನ ತಾಳಿ ಕೀಳಲು ಯಾವ ತಮ್ಮ ತಾನೇ ಹಗ್ಗ ಬಿಟ್ಟಾನು? ಪ್ರಾಣವನ್ನೇ ಅವನ ಕೈಗೆ ಕೊಟ್ಟವನು ಕುಣಿಕೆ ಮುಚ್ಚಿಡುತ್ತಾನೆಯೇ! ಬೆಳ್ಳ ಎಡವಿದ್ದು ಅಲ್ಲೇ.

ದೀಪಾವಳಿ ಕಳೆದ ಮೇಲೆ ತಟ್ಟಿಗಳನ್ನು ಹೊರೆ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿ, ಹುಣಸೂರಿನಲ್ಲಿ ಇಳಿದ. ಮಂಡಿಯೊಳಗೆ ಕಾಲಿಟ್ಟರೆ ಗೋಡೆಯುದ್ದಕ್ಕೂ ಅವವೇ ತಟ್ಟಿ, ಅವವೇ ಕುಣಿಕೆ. ನಡುವೆ ಹೊಸ ಟವೆಲು ಹೊದ್ದ ಕುಳ್ಳ ಹೆಣೆಯುವವರಿಗೆ ಅಪ್ಪಣೆ ಕೊಡುತ್ತಿದ್ದ.

ನೀಲಕಂಠಸ್ವಾಮಿ ಬೆಳ್ಳನ ಹೊರೆ ನೋಡಿ ನಕ್ಕರು. "ಇದು ಕುಳ್ಳನ ತಟ್ಟಿ ಅಲ್ವೇನೋ? ನೀನು ತರ್ತೀನಿ ಅಂದಿದ್ದು ಇದನ್ನೇನಾ? ನೀನೂ ಅವನ ತಾವ್ಲೇ ಕಲ್ತ್ಯಾ?"

ಬೆಳ್ಳ ಬಾಮೈದನ ಮುಖ ನೋಡಿದ. ಈಗಲಾದರೂ ನಿಜ ಹೇಳುತ್ತಾನೆಂದು ಕಾದ.

"ಊಂ ಬುದ್ದಿ," ಎಂದ ಕುಳ್ಳ, "ನಮ್ಮ ಬಾವ. ನಾನೇ ಏಳ್ಕೊಟ್ಟಿದ್ದು."

ಉಂಡ ಮನೆಗೇ ಎರಡು ಬಗೆದವನಿಗೆ ಏನು ಹೇಳುವುದು? ಬೆಳ್ಳ ಹೊರೆಯನ್ನು ಅಲ್ಲೇ ಬಿಟ್ಟು ಬಂದ. ದಾರಿಯುದ್ದಕ್ಕೂ ಅವನಿಗಿದ್ದ ಸಮಾಧಾನ ಒಂದೇ: ಚೆನ್ನಿಗೆ ಹೇಳಿದರೆ ಅವಳು ತಮ್ಮನ ಚರ್ಮ ಸುಲಿಯುತ್ತಾಳೆ.

ಹೇಳಿದ. ಚೆನ್ನಿ ಒಲೆಯ ಮುಂದಿನಿಂದ ಏಳಲಿಲ್ಲ.

"ಮಂಡೀಲಿ ತಟ್ಟಿ ನಂದೇ ಅಂತ ತೋರ್ಸಿವ್ನಿ ಅಂತ ಓದ ತಿಂಗ್ಳೇ ಬಂದು ಏಳಿದ್ದ," ಎಂದಳು. "ನಾನೇ ಎತ್ತಿ ಸಾಕ್ದೋನು. ಮನೇವ್ರೇ ತಾನೆ, ಯಾರ ಎಸ್ರಾದ್ರೇನು ಅಂತ ಸುಮ್ಕಾದೆ."

"ಅಂಗಾದ್ರೆ ಇವತ್ತು ನನ್ನ ಯಾಕೆ ಕಳ್ಸ್ದೆ?"

ಚೆನ್ನಿ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಬೆಳಿಗ್ಗೆ ಬುತ್ತಿ ಕಟ್ಟಿ, ಹೊರೆಗೆ ಕೈ ಕೊಟ್ಟು ಅವನ ತಲೆಯ ಮೇಲೆ ಎತ್ತಿ ಇಟ್ಟವಳು ಅವಳೇ.