ನಡುವರ್ಷದ ಲೆಕ್ಕದ ಮೊದಲ ಹಾಳೆ

ಆಳಂದದ ಪೇಟೆಯಲ್ಲಿ ನಮ್ಮ ಅಂಗಡಿಗೆ ಭೀಮಾ ಸೈಂಟಿಫಿಕ್ ಸ್ಟೋರ್ಸ್ ಎಂದು ಹೆಸರು. ಹೆಸರು ಮಾರುದ್ದ, ಅಂಗಡಿ ಮಾತ್ರ ಎರಡು ಖಣ. ಗಾಜಿನ ನಳಿಗೆ, ಸಣ್ಣ ತಕ್ಕಡಿ, ಅಯಸ್ಕಾಂತ, ಜ್ವರ ನೋಡುವ ಕಡ್ಡಿ, ಇಂಥವನ್ನು ಶಾಲೆಗಳಿಗೂ ದವಾಖಾನೆಗಳಿಗೂ ಒದಗಿಸುವುದು ನಮ್ಮ ವ್ಯಾಪಾರ. ನರೋಣಾದ ಶಾಲೆಯಿಂದ ಹಿಡಿದು ಜೇವರ್ಗಿಯ ದವಾಖಾನೆಯ ತನಕ ನಮ್ಮ ಪೆಟ್ಟಿಗೆಗಳು ಹೋಗುತ್ತಿದ್ದವು. ಆ ಪೆಟ್ಟಿಗೆಗಳಲ್ಲಿ ಹೊಟ್ಟು ತುಂಬಿ, ಗಾಜು ಒಡೆಯದಂತೆ ಕಟ್ಟುವವನು ನಾನು, ಹುಲೆಪ್ಪ. ನನ್ನ ಎದುರಿಗೆ ಗಾದಿಯ ಮೇಲೆ ಕೂತು ಲೆಕ್ಕ ಬರೆಯುವವರು ಚಂದ್ರಾಮಪ್ಪನವರು. ಹೇಳಬೇಕಾದದ್ದು ಅವರ ಕಥೆ. ಹೊಟ್ಟು ತುಂಬುವವನ ಕಥೆ ಯಾರಿಗೆ ಬೇಕು?

ಅವರ ಹೆಂಡತಿ ಮದುವೆಯಾದ ಎರಡನೇ ವರ್ಷವೇ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಮಕ್ಕಳಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ, ಮಲ್ಕಮ್ಮನ ಖಾನಾವಳಿಯಲ್ಲಿ ಎರಡು ಹೊತ್ತು ರೊಟ್ಟಿ. ಅಯ್ಯೋ, ಎಂಥ ಮೌನ ಆ ಮನುಷ್ಯನದು! 'ಏನ್ರಿ, ಬಿಸಲು ಭಾಳ ಅದ' ಎಂದರೆ 'ಹೌದು' ಎನ್ನುವರು, ಮುಗಿಯಿತು. ಮಾತು ಬೆಳೆಸೋಣವೆಂದರೆ ಹಿಡಿಯಲು ಜುಟ್ಟೇ ಸಿಗುತ್ತಿರಲಿಲ್ಲ. ಹೀಗಾಗಿ ನಾನೂ ಸುಮ್ಮನಾಗಿಬಿಟ್ಟಿದ್ದೆ.

ಅವರಿಗೆ ಇದ್ದದ್ದು ಒಂದೇ ಹಟ. ದೀಪಾವಳಿಗೆ ಪೂರಾ ವರ್ಷದ ಲೆಕ್ಕ, ಯುಗಾದಿಗೆ ನಡುವರ್ಷದ ಲೆಕ್ಕ ತೆಗೆಯುವುದು ನಮ್ಮ ರೂಢಿ. ಎರಡಕ್ಕೂ ಮೊದಲು ಅವರು ಒಂದು ಹಾಳೆ ಬರೆಯುತ್ತಿದ್ದರು. ಅದರಲ್ಲಿ ಒಂದು ಅಂಕಿಯೂ ಇರುತ್ತಿರಲಿಲ್ಲ. ಈ ಲೆಕ್ಕವನ್ನು ಯಾವ ನೇಮದಿಂದ ಮಾಡಿದೆ ಎಂಬುದಷ್ಟೇ ಇರುತ್ತಿತ್ತು. ಪೆಟ್ಟಿಗೆ ನಮ್ಮ ಬಾಗಿಲು ದಾಟಿದ ಮಾತ್ರಕ್ಕೆ ಮಾರಾಟವಲ್ಲ, ಹೆಡ್ ಮಾಸ್ತರರು ರಸೀದಿಗೆ ಸಹಿ ಹಾಕಿದ ಮೇಲೆ ಮಾರಾಟ. ಉಳಿದ ಮಾಲಿಗೆ ಕೊಂಡ ಬೆಲೆಯೇ ಬೆಲೆ. ಒಡೆದ ಗಾಜನ್ನು, ಅದರ ಚೂರುಗಳನ್ನು ಕಣ್ಣಾರೆ ನೋಡಿಯೇ ನಷ್ಟಕ್ಕೆ ಹಾಕತಕ್ಕದ್ದು. ಸೊಲ್ಲಾಪುರದಲ್ಲಿ ಇಂಗ್ಲಿಷರ ಕಲದಾರ ರೂಪಾಯಿ ಕೊಟ್ಟು ತಂದದ್ದನ್ನು, ತಂದ ದಿನದ ದರದಲ್ಲೇ ನಮ್ಮ ನಿಜಾಮರ ರೂಪಾಯಿಗೆ ತಿರುಗಿಸತಕ್ಕದ್ದು. ಕೊನೆಗೆ ಯಾವಾಗಲೂ ಒಂದೇ ಸಾಲು: ದೀಪಾವಳಿಗೆ ಯಾವ ಸೇರಿನಿಂದ ಅಳೆದೆವೋ ಯುಗಾದಿಗೂ ಅದೇ ಸೇರು.

ಮಾಲೀಕರಾದ ಹಣಮಂತರಾಯರು ಆ ಹಾಳೆಯನ್ನು ಮಗುಚಿ, ಕೊನೆಯ ಪುಟದ ಲಾಭಕ್ಕೆ, ನಮ್ಮ ಮಾತಿನಲ್ಲಿ ನಫೆಗೆ, ನೇರ ಹಾರುತ್ತಿದ್ದರು. 'ಹೊಳ್ಯಾಗ ಹುಣಸಿಹಣ್ಣು ತೊಳದಂಗ ಅದರೀ ನಿಮ್ಮ ಕೆಲಸ' ಎಂದು ನಾನೂ ಕಾಡಿಸಿದ್ದುಂಟು. ಚಂದ್ರಾಮಪ್ಪನವರು ಲೆಕ್ಕಣಿಕೆಯ ಮಸಿ ಒರೆಸಿಟ್ಟು ಏಳುತ್ತಿದ್ದರು.

ಆದರೆ ಅದನ್ನು ಕೇಳುವ ಒಂದು ಜೀವ ಅಫಜಲಪುರದಲ್ಲಿತ್ತು. ಅಂಗಡಿಯಲ್ಲಿ ಅರ್ಧ ಪಾಲು ಆ ಊರಿನ ಚಮನಸಾಬರದಾಗಿತ್ತು. ಆ ನೇಮಗಳನ್ನು ಚಂದ್ರಾಮಪ್ಪನವರ ಜೊತೆ ಕೂತು ಬರೆಸಿದವರೂ ಅವರೇ. ಅವರು ತೀರಿಕೊಂಡ ಮೇಲೆ ಪಾಲು ಅವರ ಹೆಂಡತಿ ವಜೀರುನ್ನಿಸಾಗೆ ಬಂತು. ವರ್ಷಕ್ಕೆರಡು ಸಲ ಬರುವ ಆ ನಫೆಯೇ ಆಕೆಯ ಜೋಳ, ಬಟ್ಟೆ, ಎಲ್ಲ. ಇಬ್ಬರೂ ಪಾಲುದಾರರ ಗುರುತು ಬೀಳದೆ ಲೆಕ್ಕ ಪಕ್ಕಾ ಆಗಬಾರದೆಂದು ಕರಾರಿತ್ತು. ಆಕೆಗೆ ಓದು ಬಾರದು. ಹಾಗಾಗಿ ಲೆಕ್ಕದ ಪುಸ್ತಕ ಹೊತ್ತು ಚಂದ್ರಾಮಪ್ಪನವರು ಹೋಗುವರು. ಅಲ್ಲಿನ ಶಾಲೆಯ ಪೆಟ್ಟಿಗೆ ಹೊತ್ತು ನಾನೂ ಹೋಗುವೆ. ಅರ್ಧ ದಾರಿ ಬಸ್ಸು, ಅರ್ಧ ದಾರಿ ಚಕ್ಕಡಿ.

ಆಕೆ ಪರದೆಯ ಒಳಗೆ, ನಾವು ಪಡಸಾಲೆಯಲ್ಲಿ. ಚಮನಸಾಬರು ಹೋದ ಮೇಲಿನ ಹನ್ನೊಂದು ವರ್ಷದಲ್ಲಿ ಆಕೆಯ ಮುಖವನ್ನು ನಾವು ನೋಡಿಲ್ಲ. ಧ್ವನಿ ಬಲ್ಲೆವು, ಮಸಿ ಹಚ್ಚಲು ಪರದೆಯ ಕೆಳಗಿಂದ ಬರುವ ಹೆಬ್ಬೆಟ್ಟನ್ನು ಬಲ್ಲೆವು. 'ಭಾಯಿಸಾಬ್, ಮೊದಲನೇ ಹಾಳಿ ಓದ್ರಿ' ಎಂದು ಪ್ರತಿ ಸಲ ಕೇಳುವಳು. 'ನಮ್ಮನಿಯವ್ರು ಮಾತಾಡಿದಂಗ ಆಗ್ತದ.' ಚಂದ್ರಾಮಪ್ಪನವರು ಗಂಟಲು ಸರಿಮಾಡಿಕೊಂಡು ಓದುವರು. ಆಕೆ ನಡುವೆ ಪ್ರಶ್ನೆ ಹಾಕುವಳು, ಇವರು ಉತ್ತರ ಕೊಡುವರು. ಆರು ತಿಂಗಳು ಆಡದ ಮಾತನ್ನೆಲ್ಲ ಅಲ್ಲಿ ಒಂದು ತಾಸಿನಲ್ಲಿ ಆಡಿಬಿಡುವರು. ಇದೇ ಮನುಷ್ಯನೇ ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ.

ಆಮೇಲೆ ಬಂತು ಯುದ್ಧ. ಜರ್ಮನಿಯ ಗಾಜು ಬರುವುದು ನಿಂತಿತು. ನಮ್ಮ ಕೋಣೆಯಲ್ಲಿದ್ದ ಹಳೆಯ ನಳಿಗೆಗಳಿಗೆ ನಾಕು ಪಟ್ಟು ಬೆಲೆ ಬಂತು. ಹಣಮಂತರಾಯರ ಕಣ್ಣು ಆಕೆಯ ಪಾಲಿನ ಮೇಲೆ ಬಿತ್ತು. ಒಬ್ಬ ಪಾಲುದಾರ ಪಾಲು ಬಿಟ್ಟರೆ, ಕೊನೆಯ ಲೆಕ್ಕದಲ್ಲಿ ಕಂಡ ಬೆಲೆಯನ್ನೇ ಕೊಡಬೇಕೆಂಬುದೂ ಕರಾರಿನಲ್ಲಿತ್ತು. ಸರಿ, ಸಾವಿರದ ಒಂಬೈನೂರ ನಲವತ್ತೆರಡರ ಯುಗಾದಿಗೆ ಅವರು ಹೊಸ ನೇಮ ತೆಗೆದರು: ಒಂದು ವರ್ಷಕ್ಕಿಂತ ಹಳೆಯ ಗಾಜೆಲ್ಲ ಅರ್ಧ ಬೆಲೆ. ಪುಸ್ತಕದಲ್ಲಿ ಮಾಲು ಕುಗ್ಗುತ್ತದೆ, ನಫೆ ಸೊನ್ನೆಯಾಗುತ್ತದೆ, ವ್ಯಾಪಾರ ಮುಳುಗಿತೆಂದು ಹೆದರಿಸಿ ಆಕೆಯ ಪಾಲನ್ನು ಕವಡೆ ಕಾಸಿಗೆ ಹೊಡೆಯಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು!

ಚಂದ್ರಾಮಪ್ಪನವರು ಎದ್ದು ನಿಂತರು. 'ಧಣ್ಯಾರ, ನೇಮ ನಿಮ್ದು, ಬದಲು ಮಾಡ್ರಿ. ಆದರ ಬದಲು ಮಾಡಿದ್ದು ಮೊದಲನೇ ಹಾಳ್ಯಾಗ ಬರೀಬೇಕಾಗ್ತದ.'

'ಈ ಸಲ ಆ ಹಾಳೀನೇ ಬ್ಯಾಡ' ಎಂದರು ಹಣಮಂತರಾಯರು. ಬರೆದಿಟ್ಟ ಹಾಳೆಯನ್ನು ಹರಿದು ನನ್ನ ಹೊಟ್ಟಿನ ಬುಟ್ಟಿಗೆ ಎಸೆದರು. 'ಅಂಕಿ ಓದು, ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಇಲ್ಲಾಂದ್ರ ಹಿಂದಿನ ಖೋಲಿ ಖಾಲಿ ಮಾಡು.'

ಐವತ್ತು ದಾಟಿದ ಮನುಷ್ಯ. ಆ ಕೋಣೆ ಬಿಟ್ಟರೆ ಲೋಕದಲ್ಲಿ ಅವರಿಗೆ ಇನ್ನೊಂದು ಬಾಗಿಲಿಲ್ಲ. ಚಕ್ಕಡಿಯಲ್ಲಿ ನಾನು ಹೇಳಿಯೇ ಹೇಳಿದೆ: 'ಅಂಕಿ ಓದಿ ಸುಮ್ನ ಎದ್ದು ಬರ್ರಿ. ನಿಮ್ಮ ಹೊಟ್ಟಿ ನೀವು ನೋಡ್ಕೋರಿ. ಆಕಿ ಏನು ನಿಮ್ಮ ಅಕ್ಕನೋ ತಂಗಿನೋ?' ಅಫಜಲಪುರದ ತನಕ ಅವರು ಪುಸ್ತಕವನ್ನು ಎದೆಗೆ ಅವುಚಿ ಹಿಡಿದಿದ್ದರು.

ಪಡಸಾಲೆಯಲ್ಲಿ ಅಂಕಿಗಳನ್ನು ಓದಿದರು. ನಫೆ ಇಲ್ಲ ಎಂದರು. ಪಾಲು ಬಿಟ್ಟರೆ ಇಷ್ಟು ಸಿಗುತ್ತದೆ ಎಂಬ ಹಣಮಂತರಾಯರ ಪತ್ರವನ್ನೂ ಓದಿದರು. ಪರದೆಯ ಕೆಳಗಿಂದ ಹೆಬ್ಬೆಟ್ಟು ಬಂದು ಮಸಿ ಹಚ್ಚಿಸಿಕೊಂಡಿತು.

'ಭಾಯಿಸಾಬ್, ಮೊದಲನೇ ಹಾಳಿ?'

'ಈ ಸಲ ಇಲ್ರಿ ಅಮ್ಮಾವ್ರ.'

'ಯಾಕ?'

ನಾನು ಅವರ ಮಂಡಿ ಒತ್ತಿದೆ. ಅವರು ನನ್ನ ಕೈ ತೆಗೆದು ಪಕ್ಕಕ್ಕಿಟ್ಟರು. ಕಣ್ಣು ಮುಚ್ಚಿ, ಇಲ್ಲದ ಹಾಳೆಯನ್ನು ಬಾಯಿಪಾಠವಾಗಿ ಹೇಳತೊಡಗಿದರು. ಪೆಟ್ಟಿಗೆ, ರಸೀದಿ, ಸಹಿ. ಮಾಲಿನ ಬೆಲೆಗೆ ಬಂದಾಗ ನಿಂತರು.

'ಇದೊಂದು ಬದಲಾಗ್ಯದ್ರಿ. ಹಳೇ ಗಾಜು ಅರ್ಧ ಬೆಲಿ ಅಂತ ಹಿಡಿದಾರ.'

'ಒಡದದ ಏನು?'

'ಇಲ್ರಿ. ಒಂದೂ ಒಡದಿಲ್ಲ.'

'ಪ್ಯಾಟ್ಯಾಗ ಬೆಲಿ ಇಳದದ ಏನು?'

'ನಾಕು ಪಟ್ಟು ಏರ್ಯದ್ರಿ.'

ಮಸಿ ಹಚ್ಚಿದ್ದ ಹೆಬ್ಬೆಟ್ಟು ಪರದೆಯ ಕೆಳಗಿಂದ ಹಿಂದಕ್ಕೆ ಸರಿಯಿತು. 'ಪಾಲು ಕೊಡಾಂಗಿಲ್ಲ. ಹಳೇ ಸೇರಿನಿಂದ ಅಳದು ತರ್ರಿ ಅಂತ ಹೇಳ್ರಿ' ಎಂದಳು. ಹನ್ನೊಂದು ವರ್ಷ ಆಕೆ ಗಂಡನ ಧ್ವನಿಯನ್ನಷ್ಟೇ ಕೇಳುತ್ತಿದ್ದಳೆಂದು ತಿಳಿದಿದ್ದ ನಾನೆಂಥ ಹೆಡ್ಡ! ಆಕೆ ಲೆಕ್ಕವನ್ನೂ ಕಲಿತಿದ್ದಳು.

ಆಳಂದದಲ್ಲಿ ಹಣಮಂತರಾಯರು ಕೂಗಿದ ಕೂಗಿಗೆ ಪೇಟೆಯೇ ನೆರೆಯಿತು. ಆದರೆ ಚಂದ್ರಾಮಪ್ಪನವರನ್ನು ಓಡಿಸಲಿಲ್ಲ, ಓಡಿಸುವ ಹಾಗೂ ಇರಲಿಲ್ಲ. ಇಪ್ಪತ್ತು ವರ್ಷದ ಪುಸ್ತಕಗಳು ಬೇರೆ ಯಾರಿಗೂ ಬಗೆಹರಿಯುವಂಥವಲ್ಲ. ಶಿಕ್ಷೆ ಮಾತ್ರ ಕೊಟ್ಟರು: 'ಇನ್ನಮ್ಯಾಲೆ ಅಫಜಲಪುರಕ್ಕ ನೀ ಕಾಲಿಡಬ್ಯಾಡ.' ಆಕೆಯ ಗುರುತಿಲ್ಲದೆ ಲೆಕ್ಕ ಪಕ್ಕಾ ಆಗದಲ್ಲ, ಅದಕ್ಕೆ ಲೆಕ್ಕವನ್ನು ಹಳೆಯ ನೇಮದಿಂದ ಮತ್ತೆ ಬರೆಸಿ, ಮೊದಲ ಹಾಳೆಯನ್ನೂ ಹಚ್ಚಿಸಿ, ತಂಗಿಯ ಮಗ ದೇವೀಂದ್ರಪ್ಪನ ಕೈಯಲ್ಲಿ ಕಳಿಸಿದರು.

ಅವನು ಹೋದ ಎರಡು ದಿನ ಚಂದ್ರಾಮಪ್ಪನವರು ಖಾನಾವಳಿಗೆ ಹೋಗಲಿಲ್ಲ. ಲೆಕ್ಕಣಿಕೆ ಮುಟ್ಟಲಿಲ್ಲ. ಕೋಣೆ ಹೋಗಿದ್ದರೂ ಇಷ್ಟು ಬಾಡುತ್ತಿರಲಿಲ್ಲವೇನೋ. ನೋಡಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. 'ಹೇಳಿದ್ನಿಲ್ರಿ?' ಎಂದೆ. ಅಂಥ ಹೊತ್ತಿನಲ್ಲಿ ಆಡುವ ಮಾತೇ ಅದು? ಆದರೂ ಆಡಿದೆ.

ಮೂರನೇ ದಿನ ದೇವೀಂದ್ರಪ್ಪ ಧೂಳು ಝಾಡಿಸುತ್ತ ಬಂದು ಪುಸ್ತಕವನ್ನು ಗಾದಿಯ ಮೇಲೆ ಒಗೆದ. ಹೆಬ್ಬೆಟ್ಟು ಇರಲಿಲ್ಲ.

'ಎಲ್ಲಾ ಓದಿದ್ನಿ ಮಾಮಾ, ಮೊದಲನೇ ಹಾಳೀನೂ ಓದಿದ್ನಿ. ಅಂಕಿ ಖರೆ ಅದಾವ ಅಂದಳು. ಆದರ ಚಂದ್ರಾಮಪ್ಪನವ್ರು ಯಾಕ ಬರಲಿಲ್ಲ, ಆರಾಮಿಲ್ಲೇನು, ಉಣ್ಣಾಕತ್ತಾರ ಇಲ್ಲೋ, ಇದೇ ಕೇಳಾಕತ್ತಳು. ಅವರು ಬರೂತನಕ ಹೆಬ್ಬೆಟ್ಟು ಒತ್ತಾಂಗಿಲ್ಲಂತ!' ಎಂದು ನಕ್ಕ.

ಹಣಮಂತರಾಯರು ಹಲ್ಲು ಕಡಿದು, 'ನಾಳಿಗಿ ನೀನ ಹೋಗು' ಎಂದು ಚಂದ್ರಾಮಪ್ಪನವರಿಗೆ ಹೇಳಿ ಒಳಗೆ ನಡೆದರು. ಇವರ ಕಿವಿಗೆ ಆ ಮಾತು ಬಿತ್ತೋ ಇಲ್ಲವೋ. ದೇವೀಂದ್ರಪ್ಪನ ತೋಳು ಹಿಡಿದು, 'ಏನಂದ್ರು? ಮತ್ತೊಮ್ಮಿ ಹೇಳಪಾ' ಎಂದರು. ಅವನು ಹೇಳಿದ. 'ಉಣ್ಣಾಕತ್ತಾರೇನು ಅಂತ ಕೇಳಿದ್ರಾ?' ಎಂದು ಮೂರನೇ ಸಲ ಕೇಳಿದರು. ಆಮೇಲೆ ಗಾದಿಯ ಮೇಲೆ ಕೂತು, ಆ ವಯಸ್ಸಿನ ಮನುಷ್ಯ, ಎಲ್ಲರೆದುರಿಗೇ ಅತ್ತುಬಿಟ್ಟರು.

ನನ್ನ ಕೈ ಹೊಟ್ಟಿನಲ್ಲೇ ನಿಂತಿತು. ಅವರಿಂದ ಮೂರು ಮಾರು ದೂರದಲ್ಲಿ ಹನ್ನೊಂದು ವರ್ಷ ಕೂತವನು ನಾನು. ಎರಡು ದಿನ ಅವರು ಉಪವಾಸ ಇದ್ದದ್ದು ಕಣ್ಣೆದುರಿಗೇ ಇತ್ತು. ಕೇಳಿದವಳು ಮಾತ್ರ ಮುಖವನ್ನೇ ಕಾಣದ ಆ ಹೆಣ್ಣುಮಗಳು. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು.

'ಏಳ್ರಿ' ಎಂದೆ. 'ಇವತ್ತ ನಮ್ಮನ್ಯಾಗ ಉಣ್ಣೂಣ, ಬರ್ರಿ.'

ಅವರು ಕಣ್ಣೊರೆಸಿಕೊಂಡು, ನಿಜವಾಗಿಯೂ ಅರ್ಥವಾಗದೆ ನನ್ನನ್ನು ನೋಡಿದರು. 'ಯಾಕ ಹುಲೆಪ್ಪ? ಇವತ್ತ ಏನರ ಹಬ್ಬ ಅದ ಏನು?' ಎಂದು ಕೇಳಿದರು.