ಕಮಲಾಪುರದ ಬಾಳೆಕಾಯಿಗೆ ಬಾಲ

ಕಲಬುರಗಿಯ ನಮ್ಮ ಲ್ಯಾಬಿನ ಲೇಸರ್ ಸೂಕ್ಷ್ಮದರ್ಶಕಕ್ಕೆ, ಬೆಳಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪ್ರೀಆಂಪ್ಲಿಫೈಯರ್ ಆರಿಸಬೇಕಿತ್ತು. ನಾನು ವೇಗದ್ದು ಬೇಕೆಂದೆ. ಮುಖ್ಯಸ್ಥ ಪಾಟೀಲರು ಸಿಗ್ನಲನ್ನು ಹೆಚ್ಚು ಹಿಗ್ಗಿಸುವ, ಆದರೆ ನಿಧಾನದ್ದನ್ನೇ ಹಾಕಿಸಿ, ತಮ್ಮೂರು ಕಮಲಾಪುರದ ಕೆಂಪು ಬಾಳೆಕಾಯಿಯ ಚೂರನ್ನು ಗಾಜಿನ ಸ್ಲೈಡಿನ ಮೇಲಿರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪರದೆಯ ಮೇಲೆ ಪಿಷ್ಟದ ಒಂದೊಂದು ಕಣಕ್ಕೂ ಬಲಗಡೆ ಬಾಲ!

“ನೋಡ್ರಿ, ನಮ್ಮೂರ ಬಾಳಿ ಗತ್ತೇ ಬ್ಯಾರೆ! ಇದರ ಮ್ಯಾಲ ಪೇಪರ್ ಬರೀತೀನಿ.”

ನಾನು ಸ್ಲೈಡನ್ನು ತಿರುಗಿಸಿಟ್ಟೆ. ಕಣಗಳು ತಿರುಗಿದವು, ಬಾಲಗಳು ಬಲಕ್ಕೇ ಉಳಿದವು.

“ಸರ್, ಬಾಲ ಬಾಳಿದಲ್ರೀ, ಈ ಪ್ರೀಆಂಪ್ಲಿಫೈಯರಿಂದು. ಲೇಸರ್ ಎಡದಿಂದ ಬಲಕ್ಕ ಸರ್ಕೋತ ಮುಂದ ಹೋದ್ರೂ ಇದು ಹಿಂದಿನ ಬೆಳಕನ್ನೇ ಹಿಡ್ಕೊಂಡು ಕುಂತದ.”

ವೇಗದ್ದನ್ನು ಜೋಡಿಸಿದೆ. ಬಾಲಗಳೆಲ್ಲ ಮಾಯವಾಗಿ, ಕಣಗಳು ಕತ್ತರಿಸಿಟ್ಟಂತೆ ಸ್ವಚ್ಛವಾಗಿ ಕಂಡವು. ನನಗೆ ಕುಣಿಯುವಷ್ಟು ಖುಷಿ.

ಪಾಟೀಲರು ಸ್ಲೈಡನ್ನು ತಾವೇ ಒಮ್ಮೆ ತಿರುಗಿಸಿ ನೋಡಿದರು. “ವೇಗದ್ದೇ ಇರ್ಲಿ ಬಿಡ್ರಿ. ನಮ್ಮೂರ ಬಾಳಿಗೆ ಅದೇ ಒಪ್ಪತದ.”

ಗೆದ್ದವನು ನಾನು, ಮೆರೆದದ್ದು ಬಾಳೆಕಾಯಿ.