ಅಡ್ಜಸ್ಟ್ ಅನ್ನಬಾರದ ಮನೆ

ಗಾಲಿಕುರ್ಚಿಯ ಚಕ್ರ ತಳ್ಳಿ ತಳ್ಳಿ ಅವರ ಅಂಗೈ ಜಡ್ಡುಗಟ್ಟಿತ್ತು. ರಂಜಾನ್ ಹಬ್ಬಕ್ಕೆ ಹಚ್ಚಿಕೊಂಡ ಮೆಹಂದಿ ಆ ಜಡ್ಡಿನ ಮೇಲೇ ಹೆಚ್ಚು ಗಾಢವಾಗಿ ಹತ್ತುತ್ತಿತ್ತು. ಅದನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಿದ್ದರು. ಮೈಸೂರಿನವರು, ಮೂರನೇ ವಯಸ್ಸಿಗೇ ಪೋಲಿಯೊ. ಅಮೆರಿಕದ ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ನಮಗೆಲ್ಲ ಅವರು ಆಂಟಿ.

ಪ್ರತಿ ಶನಿವಾರ ಮಧ್ಯಾಹ್ನ, ಅಂಗವೈಕಲ್ಯವಿರುವ ಮಕ್ಕಳ ತಂದೆತಾಯಂದಿರೆಲ್ಲ ಆಂಟಿಯ ಮನೆಯಲ್ಲಿ ಸೇರುತ್ತಿದ್ದೆವು. ಶಾಲೆಯವರು ಏನೇನು ಕೊಡಲೇಬೇಕು, ಕೊಡದಿದ್ದರೆ ಯಾರಿಗೆ ಬರೆಯಬೇಕು, ಎಲ್ಲ ಕಲಿತದ್ದು ಅಲ್ಲೇ. ಆ ಮನೆಗೆ ಒಂದು ಕಾನೂನಿತ್ತು. ‘ಅಡ್ಜಸ್ಟ್’ ಅಂದವರು ಅವತ್ತಿನ ಟೀ ಲೋಟಗಳನ್ನೆಲ್ಲ ತೊಳೆಯಬೇಕು. ನಾನು ತೊಳೆದಷ್ಟು ಲೋಟ ಬೇರೆ ಯಾರೂ ತೊಳೆದಿಲ್ಲ. ಏನು ಮಾಡಲಿ, ಬಸ್ಸಿನ ಸೀಟಿನಿಂದ ಅತ್ತೆಯ ಮಾತಿನವರೆಗೆ ಎಲ್ಲಕ್ಕೂ ಅಡ್ಜಸ್ಟ್ ಮಾಡಿಕೊಂಡೇ ಬಂದವಳು!

ನನ್ನ ಮಗಳು ವಾಕರ್ ಹಿಡಿದು ನಡೆಯುತ್ತಾಳೆ, ಮಾತು ನಿಧಾನ. ಅವಳಿಗೆ ಆರು ತುಂಬಿದಾಗ ಶಾಲೆಯವರು ಮೀಟಿಂಗಿಗೆ ಕರೆದರು. ನಮ್ಮ ಬೀದಿಯ ಮಕ್ಕಳು ಹೋಗುವ ಶಾಲೆ ಇವಳಿಗೆ ಬೇಡ, ಮುಕ್ಕಾಲು ಗಂಟೆ ದೂರದಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ತರಗತಿಯಿದೆ, ಅಲ್ಲಿಗೆ ಕಳಿಸಿ ಎಂದರು. ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಈ ಹಾಳು ಬಾಯಿ, “ನೋ ಪ್ರಾಬ್ಲಂ, ವಿ ವಿಲ್ ಅಡ್ಜಸ್ಟ್” ಎಂದುಬಿಟ್ಟಿತು. ಎದುರಿಗಿದ್ದ ಅಧಿಕಾರಿ ಅದನ್ನು ಒಪ್ಪಿಗೆಯೆಂದೇ ಬರೆದುಕೊಂಡು ಕಾಗದವನ್ನು ನನ್ನತ್ತ ಸರಿಸಿದಳು.

ಜೊತೆಗೆ ಬಂದಿದ್ದ ಆಂಟಿ ಕಾಗದದ ಮೇಲೆ ಕೈಯಿಟ್ಟು ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

“ಸೈನ್ ಹಾಕ್ಬೇಡಮ್ಮ. ಅಡ್ಜಸ್ಟ್ ಆಗ್ಬೇಕಾಗಿರೋದು ಸ್ಕೂಲು, ನಿನ್ನ ಮಗು ಅಲ್ಲ.”

ಆಮೇಲೆ ಅಧಿಕಾರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ಅದು ನಮ್ಮ ಕಡೆ ಮರ್ಯಾದೆಗೆ ಆಡುವ ಮಾತು, ಒಪ್ಪಿಗೆಯಲ್ಲ, ದಯವಿಟ್ಟು ಹೊಡೆದುಹಾಕಿ ಎಂದರು. ಇದೇ ಶಾಲೆಯಲ್ಲಿ ಯಾವ ಯಾವ ಸಹಾಯ ಕೊಟ್ಟು ನೋಡಿದ್ದೀರಿ, ಕಾನೂನು ಮೊದಲು ಅದನ್ನಲ್ಲವೇ ಕೇಳುವುದು ಎಂದರು. ಅಧಿಕಾರಿ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು. ಇನ್ನೂ ಮೂರು ಮೀಟಿಂಗ್ ಆದವು, ಮೂರಕ್ಕೂ ಆಂಟಿ ಬಂದರು. ಸೆಪ್ಟೆಂಬರಿನಲ್ಲಿ ಮಗಳು ನಮ್ಮ ಬೀದಿಯ ಮಕ್ಕಳ ಜೊತೆ, ಅವರದೇ ಬಸ್ಸಿನಲ್ಲಿ, ಅವರದೇ ಶಾಲೆಗೆ ಹೋದಳು. ನಾನು ಬಾಗಿಲಲ್ಲೇ ನಿಂತು ಅತ್ತೆ. ಮೊದಲ ಮೀಟಿಂಗಿನಲ್ಲಿ ಅಡ್ಜಸ್ಟ್ ಅಂದಿದ್ದಕ್ಕೆ ಆ ಶನಿವಾರ ಆಂಟಿ ಲೋಟಗಳನ್ನು ಮಾತ್ರ ನನ್ನಿಂದಲೇ ತೊಳೆಸಿದರು.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಅದಕ್ಕೆ ಎರಡು ವಾರ ಮುಂಚೆ ಮಗಳೂ ನಾನೂ ಅವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆವು. ನನ್ನನ್ನು ಏನೂ ಕೇಳಲಿಲ್ಲ. ಈಗ ಹದಿಮೂರರ ನನ್ನ ಮಗಳ ಕಡೆ ತಿರುಗಿ, ಸ್ಕೂಲು ಹೇಗಿದೆ ಎಂದು ವಿಚಾರಿಸಿದರು.

“ಸೋ ಬೋರಿಂಗ್, ಆಂಟಿ,” ಎಂದಳು ಅವಳು.

ಅಷ್ಟು ಹೋರಾಡಿದವರ ಮುಂದೆ ಹೀಗಾ ಅನ್ನುವುದು ಎಂದು ನನಗೆ ನಾಚಿಕೆಯಾಗಿ ಗದರಲು ಹೋದೆ. ಆಂಟಿ ಉಸಿರು ಸಾಲದಿದ್ದರೂ ನಕ್ಕರು.

“ಬಯ್ಯಬೇಡ ಬಿಡಮ್ಮ. ಆ ಬಸ್ಸಲ್ಲಿ ಹೋಗೋ ಮಕ್ಕಳೆಲ್ಲ ಹಾಗೇ ತಾನೇ ಅನ್ನೋದು? ಗೆದ್ವಿ.”